ಕೆಲ್ಸ ಇಲ್ಲದ ದಿನಗಳ ಸಂಬಳ: ಸಾಯಿನಾಥ್ ಅವರ ಫ್ರೀಲಾನ್ಸ್ ವರ್ಷಗಳು

ಪತ್ರಿಕೋದ್ಯಮ ಓದಿದ ಪ್ರತಿ ಬ್ಯಾಚಲ್ಲೂ ಇಬ್ರು ಮೂವರು ಇದ್ದೇ ಇರ್ತಾರೆ, ಸಿಟಿ ಡೆಸ್ಕಲ್ಲಿ ಕೂತು ಪ್ರೆಸ್ ನೋಟ್ ತಿದ್ದೋದು ಸಾಕಾಗಿದೆ, ಹಳ್ಳಿ ಕಡೆ ಹೋಗಿ ಫ್ರೀಲಾನ್ಸ್, ಅಂದ್ರೆ ಯಾವ ಪತ್ರಿಕೆಲೂ ಸಂಬಳಕ್ಕಿರದೆ ಬಿಡಿಯಾಗಿ, ಬರೀತೀನಿ ಅನ್ನೋರು. ಆ ಆಸೆ ಬಗ್ಗೆ ನಂಗೆ ತುಂಬಾ ಗೌರವ ಇದೆ, ಯಾಕಂದ್ರೆ ಹಳ್ಳಿಗೆ ಹೋಗಿ ಕೂತು ಬರೆಯೋರು ಇವತ್ತು ನಿಜವಾಗ್ಲೂ ಕಮ್ಮಿ. ಆದ್ರೆ ಇವರೆಲ್ಲ ಕೇಳೋದು ಎಲ್ಲಿಗೆ ಹೋಗ್ಲಿ, ಏನು ಬರೀಲಿ, ಯಾರಿಗೆ ಕಳಿಸ್ಲಿ ಅಂತ. ಅದಕ್ಕಿಂತ ಮುಂಚೆ ಕೇಳ್ಕೋಬೇಕಾದ ಪ್ರಶ್ನೆ ಇನ್ನೊಂದಿದೆ, ಹಳ್ಳಿಲಿ ಸುದ್ದಿ ಅನ್ನೋ ಥರದ್ದು ಏನೂ ನಡೀದೇ ಇರೋ ದಿನಗಳಿಗೆ ನಿಮ್ಗೆ ದುಡ್ಡು ಕೊಡೋರು ಯಾರು? ಈ ಪ್ರಶ್ನೆನ ಗಾಳಿಲಿ ಚರ್ಚೆ ಮಾಡೋ ಬದ್ಲು ಒಂದು ಪ್ರಕರಣ ಇಟ್ಕೊಂಡು ನೋಡೋಣ. ಹಳ್ಳಿಗಳ ಬಡತನದ ಬಗ್ಗೆ ಬರೆಯೋ ಪತ್ರಕರ್ತ ಪಿ. ಸಾಯಿನಾಥ್ ಅವರು 1993ರಲ್ಲಿ ಕೆಲ್ಸ ಬಿಟ್ಟು ಫ್ರೀಲಾನ್ಸರ್ ಆಗಿದ್ದು, 2004ರಲ್ಲಿ ಮತ್ತೆ ಒಂದು ಪತ್ರಿಕೆಗೆ ಸೇರಿದ್ದು, ಮಧ್ಯದ ಆ ಹನ್ನೊಂದು ವರ್ಷ. ಅವರ ಪ್ರಶಸ್ತಿಗಳ ಬಗ್ಗೆ, ಭಾಷಣಗಳ ಬಗ್ಗೆ ಎಲ್ರಿಗೂ ಗೊತ್ತು, ಆ ಕೆಲ್ಸ ಹೇಗೆ ನಡೀತು ಅನ್ನೋದನ್ನ ಮಾತಾಡೋರು ಕಮ್ಮಿ.

ಹಿನ್ನೆಲೆ ಬೇಗ ಹೇಳಿ ಮುಗಿಸ್ತೀನಿ. ಹುಟ್ಟಿದ್ದು 1957ರಲ್ಲಿ ಮದ್ರಾಸಲ್ಲಿ, ತಾತ ವಿ.ವಿ. ಗಿರಿ, ಅಂದ್ರೆ ದೇಶದ ರಾಷ್ಟ್ರಪತಿ ಆಗಿದ್ದೋರು. ಓದಿದ್ದು ಲೊಯೊಲಾ ಕಾಲೇಜು, ಆಮೇಲೆ ಜೆಎನ್‌ಯುನಲ್ಲಿ ಇತಿಹಾಸ. 1980ರಲ್ಲಿ ಯುಎನ್‌ಐ ಸುದ್ದಿಸಂಸ್ಥೆ ಸೇರಿದ್ರು, ಅಲ್ಲಿಂದ ಆರ್.ಕೆ. ಕರಂಜಿಯಾ ಅವರ ಬ್ಲಿಟ್ಜ್ ವಾರಪತ್ರಿಕೆಗೆ, ಮುಂಬೈಗೆ. ಅಲ್ಲಿ ಹತ್ತು ವರ್ಷ, ವಿದೇಶಿ ಸುದ್ದಿ ವಿಭಾಗದ ಎಡಿಟರ್ ಆಗಿ, ಡೆಪ್ಯುಟಿ ಎಡಿಟರ್ ಆಗಿ. ಈ ಹಿನ್ನೆಲೆನ ಮುಚ್ಚಿಟ್ಟು ಅವರ ಕಥೆ ಹೇಳೋದು ಸರಿ ಅಲ್ಲ ಅನ್ಸುತ್ತೆ ನಂಗೆ. ಇಂಗ್ಲಿಷ್, ಜೆಎನ್‌ಯು, ಮುಂಬೈಲಿ ಹತ್ತು ವರ್ಷದ ಹೆಸರು ಇವೆಲ್ಲ ಇದ್ದೋರಿಗೆ ಎಡಿಟರ್ ಬಾಗಿಲು ತೆರೆಯೋದಕ್ಕೂ, ಸಿಂಧನೂರಿಂದಲೋ ಪಾವಗಡದಿಂದಲೋ ಕನ್ನಡದಲ್ಲಿ ಬರೆಯೋ ಒಬ್ಬ ಹುಡುಗಂಗೆ ತೆರೆಯೋದಕ್ಕೂ ವ್ಯತ್ಯಾಸ ಇದ್ದೇ ಇದೆ. ಆದ್ರೆ ಬಾಗಿಲು ತೆರೆದ್ಮೇಲೆ ಒಳಗೆ ಏನು ಮಾಡಿದ್ರು ಅನ್ನೋದು ಬೇರೆ ವಿಷ್ಯ, ಅದು ಯಾರು ಬೇಕಾದ್ರೂ ಕಲಿಯೋವಂಥದ್ದು.

1980ರ ದಶಕದಲ್ಲೇ ಅವರು ಬರಪೀಡಿತ ರಾಜ್ಯಗಳಲ್ಲಿ ಸುತ್ತಾಡಿ ವರದಿ ಮಾಡಿದ್ರು, ಅದಕ್ಕೆ ಬಹುಮಾನಗಳೂ ಬಂದ್ವು. ಅವರು ಹೋಗಿ ತಗೊಳ್ಳಲಿಲ್ಲ. ನಾಚಿಕೆ ಆಗಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಯಾಕಂದ್ರೆ ಆ ವರದಿಗಳಲ್ಲಿ ಕೊನೇ ಮಾತು ಯಾವಾಗ್ಲೂ ಅಧಿಕಾರದಲ್ಲಿ ಇರೋರದ್ದೇ ಆಗಿರ್ತಿತ್ತು, ಮಾಮೂಲಿ ಪತ್ರಿಕೋದ್ಯಮ ಅಂದ್ರೆ ಅಧಿಕಾರದ ಸೇವೆ ಅಂತ ಆಗಲೇ ಗೊತ್ತಾಗಿದ್ದು ಅಂತಾರೆ. ಈ ವಿಷ್ಯ ನನ್ನ ಪ್ರಕಾರ ಇಡೀ ಪ್ರಕರಣದ ಬೇರು. ಪೇಪರ್‌ನವರು ಬರ ನೋಡಕ್ಕೆ ಹೋಗೋ ರೀತಿ ನೆನಪು ಮಾಡ್ಕೊಳ್ಳಿ, ಬಿರುಕು ಬಿಟ್ಟ ನೆಲದ ಒಂದು ಫೋಟೋ, ಖಾಲಿ ಬಿಂದಿಗೆ ಸಾಲು ಇನ್ನೊಂದು, ಟ್ಯಾಂಕರ್ ಹತ್ರ ಇಬ್ಬರ ಮಾತು, ಕೊನೇಲಿ ಜಿಲ್ಲಾಧಿಕಾರಿಗಳ ಹೇಳಿಕೆ, ಎಲ್ಲ ಕ್ರಮ ಕೈಗೊಳ್ಳಲಾಗಿದೆ. ಸಂಜೆ ಬಸ್ಸಿಗೆ ವಾಪಸ್. ಒಂದು ಲೇಖನಕ್ಕೆ ಇಷ್ಟು ಅಂತ ಸಂಭಾವನೆ ಇದ್ದಾಗ ಇದಕ್ಕಿಂತ ಜಾಸ್ತಿ ಹೊತ್ತು ಅಲ್ಲಿ ನಿಲ್ಲಕ್ಕೆ ಆಗೋದೂ ಇಲ್ಲ, ಅದು ಬರೆಯೋರ ಮನಸ್ಸಿನ ದೋಷ ಮಾತ್ರ ಅಲ್ಲ.

1993ರಲ್ಲಿ ಟೈಮ್ಸ್ ಆಫ್ ಇಂಡಿಯಾ ಫೆಲೋಶಿಪ್‌ಗೆ ಅರ್ಜಿ ಹಾಕಿದ್ರು. ದೇಶದ ತೀರಾ ಬಡ ಜಿಲ್ಲೆಗಳಲ್ಲಿ ತಿರುಗಿ ಬರೀತೀನಿ ಅನ್ನೋದು ವಿಷ್ಯ. ಇಂಟರ್‌ವ್ಯೂನಲ್ಲಿ ನಡೆದ ಮಾತು ಈಗ ತುಂಬಾ ಜನಕ್ಕೆ ಗೊತ್ತಿದೆ, ನಮ್ಮ ಓದುಗರಿಗೆ ಇಂಥದ್ರಲ್ಲಿ ಆಸಕ್ತಿ ಇಲ್ಲ ಅಂದ್ರೆ ಏನು ಮಾಡ್ತೀರಿ ಅಂತ ಕೇಳಿದ್ರಂತೆ, ಅದಕ್ಕೆ ಇವರು ನೀವು ನಿಮ್ಮ ಓದುಗರನ್ನ ಕೊನೇ ಸಲ ಭೇಟಿ ಮಾಡಿದ್ದು ಯಾವಾಗ, ಅವರ ಪರವಾಗಿ ಹೀಗೆ ಹೇಳಕ್ಕೆ ಅಂತ ವಾಪಸ್ ಕೇಳಿದ್ರಂತೆ. ಫೆಲೋಶಿಪ್ ಸಿಕ್ತು. ಆ ಕಾಲ ಎಂಥದ್ದು ಅನ್ನೋದೂ ಗಮನದಲ್ಲಿರ್ಲಿ, 1991ರ ಆರ್ಥಿಕ ಸುಧಾರಣೆ ಆಗಿ ಎರಡು ವರ್ಷ, ಪೇಪರ್‌ಗಳೆಲ್ಲ ಷೇರು ಪೇಟೆ, ಹೊಸ ಕಾರು, ಫ್ಯಾಷನ್ ಕಡೆ ತಿರುಗ್ತಾ ಇದ್ದ ಹೊತ್ತು. ಅಂಥ ಹೊತ್ತಲ್ಲಿ ಕಾಲಾಹಂಡಿ, ಕೋರಾಪುಟ್, ಮಲ್ಕಾನ್‌ಗಿರಿ, ಪಲಾಮು, ಗೊಡ್ಡಾ, ಸರ್ಗುಜಾ, ರಾಮನಾಥಪುರಂ, ಪುದುಕ್ಕೋಟೈ ಅಂತ ಹೆಸರು ಬರ್ಕೊಂಡು ಹೋಗಿ ಕೊಟ್ರೆ ಯಾವ ಎಡಿಟರ್ ತಾನೆ ಸುಲಭವಾಗಿ ಹೂಂ ಅಂತಾರೆ. ಪೇಪರ್ ಒಳಗೆ ಇಬ್ರು ಎಡಿಟರ್‌ಗಳ ಬೆಂಬಲ ಇದ್ದಿದ್ದಕ್ಕೇ ಬರೆದಿದ್ದು ಬರೆದ ಹಾಗೇ ಅಚ್ಚಾಯ್ತು ಅಂತ ಅವರೇ ಒಪ್ಕೊಂಡಿದ್ದಾರೆ. ಫ್ರೀಲಾನ್ಸರ್‌ಗೆ ಒಳಗೊಬ್ರು ತಮ್ಮೋರು ಅಂತ ಇರಬೇಕು, ಇಲ್ದಿದ್ರೆ ಎಷ್ಟೇ ಚೆನ್ನಾಗಿ ಬರೆದ್ರೂ ಆರ್ನೂರು ಪದಕ್ಕೆ ಕತ್ತರಿ ಬಿದ್ದು, ಭಾನುವಾರದ ಪುರವಣಿಯ ಮೂಲೆಲಿ ಹೋಗಿ ಕೂರುತ್ತೆ.

ಈಗ ಲೆಕ್ಕಕ್ಕೆ ಬರೋಣ. 18 ತಿಂಗಳಲ್ಲಿ ಅಚ್ಚಾದ ವರದಿ 84. ತಿಂಗಳಿಗೆ ಐದೂ ಇಲ್ಲ. ಇದನ್ನ ಸಂಪಾದಿಸೋಕೆ ಅವರು ಬಳಸಿದ್ದು 16 ಬಗೆಯ ಸಾರಿಗೆ, ಕಾಲ್ನಡಿಗೆಲೇ 5,000 ಕಿಲೋಮೀಟರ್. ಲೇಖನಕ್ಕೆ ಇಷ್ಟು ಅಂತ ದುಡ್ಡು ತಗೊಂಡು ಬದುಕೋ ಯಾರಾದ್ರೂ ಈ ಲೆಕ್ಕ ತಮ್ಮ ಕೇಸಿಗೆ ಹಾಕ್ಕೊಂಡು ನೋಡಿ. ತಿಂಗಳಿಗೆ ನಾಲ್ಕೈದು ಲೇಖನದ ಸಂಭಾವನೆಲಿ ಮನೆ ಬಾಡಿಗೆ, ಓಡಾಟ, ಅಲ್ಲಿ ಉಳ್ಕೊಳ್ಳೋದು, ಭಾಷೆ ಗೊತ್ತಿಲ್ಲದ ಕಡೆ ಜೊತೆಗೆ ಬರೋರಿಗೆ ಏನಾದ್ರೂ ಕೊಡೋದು, ಯಾವುದೂ ಸರಿದೂಗಲ್ಲ. ಅಂದ್ರೆ ಈ ಕೆಲ್ಸ ಸಾಧ್ಯ ಆಗಿದ್ದು ಸಂಭಾವನೆಯಿಂದ ಅಲ್ಲವೇ ಅಲ್ಲ, ಸಮಯಕ್ಕೆ ದುಡ್ಡು ಸಿಕ್ಕಿದ್ರಿಂದ. ಫೆಲೋಶಿಪ್ ಅನ್ನೋದ್ರ ಅರ್ಥವೇ ಅದು, ನೀವು ಇಷ್ಟು ದಿನ ಇದನ್ನೇ ಮಾಡಿ, ಎಷ್ಟು ಪೀಸ್ ಬಂತು ಅಂತ ಪ್ರತಿ ವಾರ ಎಣಿಸಲ್ಲ ಅಂತ.

ಆ ಸಮಯನ ಅವರು ಖರ್ಚು ಮಾಡಿದ ರೀತಿ ನೋಡಿ, ಅಲ್ಲಿದೆ ಇಡೀ ವಿಶೇಷ. ವರ್ಷದಲ್ಲಿ ಸುಮಾರು 200ಕ್ಕೂ ಹೆಚ್ಚು ದಿನ ಆ ಜಿಲ್ಲೆಗಳ ಬಡವರಿಗೆ ಹೊಲದಲ್ಲಿ ಕೆಲ್ಸ ಇರಲ್ಲ. ಬಿತ್ತನೆ ಇಲ್ಲ, ಕಟಾವು ಇಲ್ಲ, ಕೂಲಿ ಇಲ್ಲ. ಆ ದಿನಗಳಲ್ಲಿ ಅವರು ಹೇಗೆ ಬದುಕ್ತಾರೆ ಅನ್ನೋದನ್ನೇ ಮುಖ್ಯವಾಗಿ ಇಟ್ಕೊಂಡು ಅದೇ ಹೊತ್ತಲ್ಲಿ ಹೋದ್ರು. ಸುಗ್ಗಿಲಿ ಹೋದ್ರೆ ಯಾವ ಹಳ್ಳಿನೂ ಚೆನ್ನಾಗೇ ಕಾಣುತ್ತೆ, ಬರ ಘೋಷಣೆ ಆದ್ಮೇಲೆ ಹೋದ್ರೆ ಎಲ್ಲಾ ಪೇಪರ್‌ನವರೂ ಅಲ್ಲೇ ಇರ್ತಾರೆ. ಮಧ್ಯದ ಆ ಬೇಸರದ, ಸಪ್ಪೆ ತಿಂಗಳುಗಳಿಗೆ ಯಾರೂ ಹೋಗಲ್ಲ, ಯಾಕಂದ್ರೆ ಅಲ್ಲಿ "ನಡೆದಿದ್ದು" ಅಂತ ಏನೂ ಇಲ್ಲ. ಆದ್ರೆ ಗುಳೆ ಹೊರಡೋದು, ಸಾಲಕ್ಕೆ ಸಹಿ ಹಾಕೋದು, ಒಡವೆ ಅಡ ಇಡೋದು, ಮಕ್ಳನ್ನ ಶಾಲೆ ಬಿಡಿಸೋದು ಎಲ್ಲಾ ನಿರ್ಧಾರ ಆಗೋದು ಅದೇ ತಿಂಗಳುಗಳಲ್ಲಿ. ಬಡತನ ಒಂದು ಘಟನೆ ಅಲ್ಲ, ವರ್ಷಗಟ್ಲೆ ನಡೆಯೋ ಕ್ರಿಯೆ ಅಂತ ಅವರು ಪದೇ ಪದೇ ಹೇಳ್ತಾರೆ, ಕೇಳಕ್ಕೆ ಸಿದ್ಧಾಂತದ ಥರ ಇರುತ್ತೆ, ಆದ್ರೆ ಒಬ್ಬ ಬರಹಗಾರನ ಕ್ಯಾಲೆಂಡರ್‌ಲಿ ಅದು ಯಾವ ತಿಂಗಳು ಎಲ್ಲಿಗೆ ಟಿಕೆಟ್ ತಗೋಬೇಕು ಅನ್ನೋ ತುಂಬಾ ಪ್ರಾಕ್ಟಿಕಲ್ ವಿಷ್ಯ.

ಒಂದು ಉದಾಹರಣೆ ಹತ್ರದಿಂದ ನೋಡೋಣ. ಈಗ ಜಾರ್ಖಂಡಲ್ಲಿರೋ, ಆಗ ಬಿಹಾರದಲ್ಲಿದ್ದ ಗೊಡ್ಡಾ ಜಿಲ್ಲೆ, ಕಲ್ಲಿದ್ದಲು ಗಣಿಗಳಿರೋ ಜಾಗ. ಅಲ್ಲಿ ಗಣಿ ಹೊರಗೆ ಬಿಸಾಡಿದ ರಾಶಿಯಿಂದ ಕಲ್ಲಿದ್ದಲು ಆರಿಸಿ ಸೈಕಲ್ ಮೇಲೆ ಹೇರ್ಕೊಂಡು ದೂರದ ಊರುಗಳಲ್ಲಿ ಮಾರೋ ಜನ ಇದ್ರು. ಒಂದು ಸೈಕಲ್ ಮೇಲೆ 250 ಕಿಲೋ ಹತ್ರ ಹತ್ರ. ಅಷ್ಟು ಹೇರಿದ್ಮೇಲೆ ಸೈಕಲ್ ತುಳಿಯೋ ಮಾತೇ ಇಲ್ಲ, ಹ್ಯಾಂಡಲ್ ಹಿಡ್ಕೊಂಡು ತಳ್ಕೊಂಡೇ ಹೋಗ್ಬೇಕು, 40 ಕಿಲೋಮೀಟರ್ ದಾಟಿ, ದಿನಗಟ್ಲೆ. ಎಲ್ಲ ಕಳೆದು ಕೈಗೆ ಉಳೀತಿದ್ದಿದ್ದು ದಿನಕ್ಕೆ ಹತ್ತು ರೂಪಾಯಿ ಆಸುಪಾಸು. ಜೀಪಲ್ಲಿ ಹೋಗೋರಿಗೂ ಆ ಸೈಕಲ್ ಕಾಣ್ಸುತ್ತೆ, ರಸ್ತೇಲಿ ಯಾರೋ ಕಲ್ಲಿದ್ದಲು ಸಾಗಿಸ್ತಿದ್ದಾರೆ ಅಂತ, ಅಷ್ಟೇ. ತೂಕ ಎಷ್ಟು, ಎಲ್ಲಿಂದ ಎಲ್ಲಿಗೆ, ಎಷ್ಟು ದಿನ, ಕೊನೇಲಿ ಉಳಿಯೋದೇನು ಅನ್ನೋ ನಾಲ್ಕು ವಿಷ್ಯ ಸೇರಿದಾಗ್ಲೇ ಅದು ವರದಿ ಆಗೋದು, ಆ ನಾಲ್ಕಕ್ಕೂ ಉತ್ತರ ಬೇಕಂದ್ರೆ ಸೈಕಲ್ ತಳ್ಳೋರ ವೇಗಕ್ಕೆ ನೀವು ಇಳೀಬೇಕು. ಕಣ್ಣೀರು ತರಿಸೋ ಒಂದು ವಿಶೇಷಣನೂ ಹಾಕದೆ ಬರೀ ತೂಕ ಮತ್ತೆ ದೂರ ಹೇಳಿ ನಿಲ್ಸೋದು ಅವರ ಬರವಣಿಗೆಲಿ ನಂಗೆ ತುಂಬಾ ಇಷ್ಟ ಆಗೋ ಗುಣ.

ಇನ್ನೊಂದು, ಒಡಿಶಾದ ನುವಾಪಡಾ ಕಡೆಯ ಕೋಮನಾದಲ್ಲಿ ನಡೆದ ಹಸು ಯೋಜನೆ. 1978ರಿಂದ ಶುರುವಾಗಿದ್ದು. ಬಡವರಿಗೆ ಹಸು ಕೊಟ್ಟು ಅದಕ್ಕೆ ಜೆರ್ಸಿ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡ್ಸಿ ಹಾಲಿನ ಹೊಳೆ ಹರಿಸ್ತೀವಿ ಅಂತ. ಮೇವಿಗೆ ಸುಬಾಬುಲ್ ಗಿಡ ಬೆಳೀರಿ ಅಂತ ಒಂದೊಂದು ಎಕರೆ ಜಮೀನನ್ನೂ ಪುಕ್ಕಟೆ ಕೊಟ್ರು, ಅಲ್ಲಿ ದುಡಿಯೋಕೆ ಕೂಲಿನೂ ಕೊಟ್ರು. ತಳಿ ಕೆಡಬಾರ್ದು ಅಂತ ಆ ಸೀಮೆಯ ನಾಟಿ ಹೋರಿಗಳ ಬೀಜ ಒಡೆಸಿದ್ರು. ಸುಮಾರು ಎರಡು ಕೋಟಿ ಖರ್ಚಾಯ್ತು, ಹುಟ್ಟಿದ್ದು ಎಂಟು ಮಿಶ್ರತಳಿ ಕರು. ಸುಬಾಬುಲ್ ನಿಲ್ಲಲಿಲ್ಲ. ಅಲ್ಲೀದೇ ಆದ ಖರಿಯಾರ್ ತಳಿ ಹೋರಿ ಮಾತ್ರ ಇಲ್ಲವಾಯ್ತು. ಯೋಜನೆ ಉದ್ಘಾಟನೆ ದಿನ ಹೋದ ವರದಿಗಾರರಿಗೆ ಇದು ಒಳ್ಳೇ ಸುದ್ದಿ, ಅವರೇನೂ ಸುಳ್ಳು ಬರೀಲಿಲ್ಲ. ಆದ್ರೆ ಹದಿನೈದು ವರ್ಷ ಆದ್ಮೇಲೆ ಹೋಗಿ ಆ ಕರುಗಳು ಎಲ್ಲಿ ಅಂತ ಕೇಳೋರಿಗೆ ದುಡ್ಡು ಕೊಡೋ ವ್ಯವಸ್ಥೆ ಯಾವ ಪೇಪರಲ್ಲೂ ಇರ್ಲಿಲ್ಲ. ಕೋರಾಪುಟ್‌ನ ಚಿಕಾಪಾರ್ ಊರಿನದ್ದೂ ಇದೇ ಕಥೆ, 1968ರಲ್ಲಿ ಮಿಗ್ ವಿಮಾನ ಕಾರ್ಖಾನೆಗೆ ಅಂತ ಎತ್ತಂಗಡಿ, ಆ ಜನ ಬೇರೆ ಕಡೆ ಹೋಗಿ ಅದೇ ಹೆಸರಲ್ಲಿ ಊರು ಕಟ್ಕೊಂಡ್ರೆ ಮತ್ತೆ ಅಲ್ಲಿಂದಲೂ. ಪ್ರತಿ ಸಲದ ಎತ್ತಂಗಡಿ ಬಿಡಿಯಾಗಿ ನೋಡಿದ್ರೆ ಒಂದು ಸಣ್ಣ ಸುದ್ದಿ, ಒಟ್ಟಿಗೆ ಇಟ್ಟಾಗ್ಲೇ ಅದು ಏನು ಅಂತ ಗೊತ್ತಾಗೋದು.

ಕಾಲಾಹಂಡಿ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಅಲ್ಲಿ ವರ್ಷದ ಸರಾಸರಿ ಮಳೆ ಸಾವಿರ ಮಿಲಿಮೀಟರ್ ಮೇಲೆ, ಅಂದ್ರೆ ನಮ್ಮ ಚಳ್ಳಕೆರೆ ಕಡೆ ಬೀಳೋದ್ರ ಎರಡು ಪಟ್ಟಿಗಿಂತ ಜಾಸ್ತಿ. ಆದ್ರೂ ಬರ ಅಂದ ತಕ್ಷಣ ದೇಶಕ್ಕೆ ನೆನಪಾಗ್ತಿದ್ದ ಹೆಸರು ಕಾಲಾಹಂಡಿ. ಮಳೆ ಲೆಕ್ಕ ಹಿಡಿದು ನೋಡಿದ್ರೆ ಬರ ಪರಿಹಾರ ಯಾರಿಗೆ ಬೇಕಾಗಿದೆ, ಕಂಟ್ರಾಕ್ಟು ಯಾರಿಗೆ ಹೋಗ್ತಿದೆ ಅನ್ನೋ ಪ್ರಶ್ನೆ ಬರುತ್ತೆ. ಪಲಾಮು ಕಡೆಯ ಜನ ಬರ ಪರಿಹಾರನ ಮೂರನೇ ಬೆಳೆ ಅಂತಾನೇ ಕರೀತಿದ್ರು, ಮುಂಗಾರು ಒಂದು, ಹಿಂಗಾರು ಒಂದು, ಇದು ಮೂರನೇದು, ಕೊಯ್ಯೋರು ಮಾತ್ರ ರೈತರಲ್ಲ. ಆ ಮಾತು ಯಾವ ಆಫೀಸಿನ ಫೈಲಲ್ಲೂ ಸಿಗಲ್ಲ.

1996ರಲ್ಲಿ ಆ ವರದಿಗಳು ಪೆಂಗ್ವಿನ್‌ನಿಂದ ಪುಸ್ತಕ ಆಗಿ ಬಂದ್ವು, ಕನ್ನಡಕ್ಕೆ ಜಿ.ಎನ್. ಮೋಹನ್ ಅವರು "ಬರ ಅಂದ್ರೆ ಎಲ್ಲರಿಗೂ ಇಷ್ಟ" ಅಂತ ತಂದ್ರು. ವರದಿಗಳಿಂದ ಏನಾಯ್ತು ಅಂತ ಕೇಳೋರಿಗೆ, ತಮಿಳುನಾಡಲ್ಲಿ ಬರ ನಿರ್ವಹಣೆ ಕಾರ್ಯಕ್ರಮ ಬದಲಾಯ್ತು, ಮಲ್ಕಾನ್‌ಗಿರಿಲಿ ನಾಟಿ ವೈದ್ಯದ ಬಗ್ಗೆ ಒಂದು ನೀತಿ ಬಂತು, ಮಧ್ಯಪ್ರದೇಶದಲ್ಲಿ ಆದಿವಾಸಿ ಪ್ರದೇಶಾಭಿವೃದ್ಧಿ ಕಾರ್ಯಕ್ರಮ ಸರಿ ಮಾಡಿದ್ರು. ಫ್ರೀಲಾನ್ಸ್ ಬರಹಕ್ಕೆ ಇಷ್ಟು ಪರಿಣಾಮ ಸಣ್ಣದಲ್ಲ.

ಆದ್ರೆ ಫೆಲೋಶಿಪ್ ಮುಗಿಯುತ್ತೆ, ಬದುಕು ಮುಗಿಯಲ್ಲ. ಮುಂದಿನ ವರ್ಷಗಳು ನಡೆದಿದ್ದು ಹೇಗೆ? ಇಲ್ಲಿ ಒಂದೇ ಕಡೆಯಿಂದ ದುಡ್ಡು ಬಂದಿದ್ದಲ್ಲ ಅನ್ನೋದು ಗೊತ್ತಾಗುತ್ತೆ. ಮುಂಬೈನ ಸೋಫಿಯಾ ಪಾಲಿಟೆಕ್ನಿಕ್‌ನಲ್ಲಿ ಪತ್ರಿಕೋದ್ಯಮ ಪಾಠ ಮಾಡೋದು ಅವರು ಬಿಟ್ಟಿರ್ಲಿಲ್ಲ, ದಶಕಗಟ್ಲೆ ಮಾಡಿದ್ರು. 1995ರಲ್ಲಿ ಯುರೋಪಿಯನ್ ಕಮಿಷನ್‌ನ ಲೊರೆಂಜೊ ನಟಾಲಿ ಪ್ರಶಸ್ತಿ, 2000ದಲ್ಲಿ ಆಮ್ನೆಸ್ಟಿಯ ಮಾನವ ಹಕ್ಕು ಪತ್ರಿಕೋದ್ಯಮ ಪ್ರಶಸ್ತಿ, ಹೀಗೆ ಬೇರೆ ದೇಶದವೂ ಬಂದ್ವು. ಕ್ಯಾಮೆರಾ ಯಾವಾಗ್ಲೂ ಜೊತೆಗಿತ್ತು, 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ಹಳ್ಳಿ ಹೆಣ್ಮಕ್ಳ ದುಡಿಮೆ ಬಗ್ಗೆ ತೆಗೆದ ಫೋಟೋಗಳು ಆಮೇಲೆ ಒಂದು ಪ್ರದರ್ಶನ ಆದ್ವು, ಗ್ಯಾಲರಿಗಳಲ್ಲಿ ಮಾತ್ರ ಅಲ್ಲ, ಬಸ್ ಸ್ಟ್ಯಾಂಡು, ಕಾರ್ಖಾನೆ, ಹಳ್ಳಿಗಳಲ್ಲೂ ಇಟ್ರು. ಒಂದೇ ಪ್ರವಾಸದಿಂದ ಲೇಖನ, ಫೋಟೋ, ಪಾಠ, ಭಾಷಣ, ಪುಸ್ತಕ ಐದೂ ಹುಟ್ಟಿದ್ವು. ಫ್ರೀಲಾನ್ಸ್ ಮಾಡೋರು ಇದನ್ನ ಚೆನ್ನಾಗಿ ಗಮನಿಸ್ಬೇಕು, ನಾವು ಒಂದು ಊರಿಗೆ ಹೋಗಿ ಬಂದು ಒಂದು ಲೇಖನ ಬರೆದು ನೋಟ್‌ಬುಕ್ ಮುಚ್ಚಿಡ್ತೀವಿ, ಉಳಿದ ಮುಕ್ಕಾಲು ಭಾಗ ಹಾಗೇ ಕೊಳೆಯುತ್ತೆ.

ಇನ್ನೂ ಒಂದು ತಪ್ಪು ಕಲ್ಪನೆ ಇದೆ, ಅವರು ಹಳ್ಳಿಗೆ ಹೋಗಿ ನೆಲೆಸಿದ್ರು ಅಂತ. ಇಲ್ಲ. ಮನೆ ಮುಂಬೈಲೇ ಇತ್ತು. ವರ್ಷಕ್ಕೆ ಸರಾಸರಿ 270 ದಿನ ಗ್ರಾಮೀಣ ಭಾರತದಲ್ಲಿ ಇರ್ತಿದ್ರು ಅನ್ನೋದು ನಿಜ, ಆದ್ರೆ ಪಾಠ, ಎಡಿಟರ್, ಪ್ರಕಾಶಕರು ಎಲ್ಲ ಸಿಟಿಲಿ. ಹಳ್ಳಿಲಿ ತೋಟ ಮಾಡ್ಕೊಂಡು ಬರಿಯೋ ದಾರಿ ಬೇರೆ, ಅದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. ಕಾಸರಗೋಡಿನ ಪಡ್ರೆ ಊರಿನ ಶ್ರೀಪಡ್ರೆ ಅವರು ಕೃಷಿಕರಾಗಿದ್ದುಕೊಂಡೇ ಬರೆದೋರು, ತಮ್ಮದೇ ಊರಿನ ಎಂಡೋಸಲ್ಫಾನ್ ಕೀಟನಾಶಕದ ಸಮಸ್ಯೆನ ಹೊರಗಿನೋರಿಗೆ ತೋರಿಸಿದೋರಲ್ಲಿ ಅವರೂ ಒಬ್ರು, ಆ ವಿಷಕ್ಕೆ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿದ್ದು 2011ರಲ್ಲಿ. 1988ರಲ್ಲಿ ಪುತ್ತೂರಿಂದ ಶುರುವಾದ ಅಡಿಕೆ ಪತ್ರಿಕೆ ರೈತರ ಕೈಗೇ ಲೇಖನಿ ಕೊಡೋಣ ಅಂತ ಹೊರಟಿದ್ದು. ಅಲ್ಲಿ ಬರೆಯೋರಿಗೆ ಸಮಯ ಕೊಡೋದು ತೋಟ, ಎಡಿಟರ್ ಅಲ್ಲ. ಎರಡೂ ದಾರಿ ಒಳ್ಳೇವೇ, ಆದ್ರೆ ಎರಡರ ಲೆಕ್ಕ ಬೇರೆ ಬೇರೆ. ತೋಟ ಇಲ್ದೆ ತೋಟ ಇರೋರ ಥರ ಬದುಕೋಕೆ ಹೊರಟ ಎಷ್ಟೋ ಜನ ಒಂದೆರಡು ವರ್ಷಕ್ಕೆ ವಾಪಸ್ ಬಂದಿದ್ದನ್ನ ನೋಡಿದಾಗ ಹೊಟ್ಟೆ ಉರಿಯುತ್ತೆ, ಬರವಣಿಗೆ ಚೆನ್ನಾಗೇ ಇತ್ತು ಪಾಪ, ಲೆಕ್ಕ ಸರಿ ಇರ್ಲಿಲ್ಲ.

2004ರಲ್ಲಿ ಅವರು ದಿ ಹಿಂದೂ ಪತ್ರಿಕೆಗೆ ಗ್ರಾಮೀಣ ವ್ಯವಹಾರಗಳ ಸಂಪಾದಕರಾಗಿ ಸೇರಿದ್ರು, 2014ರವರೆಗೆ ಇದ್ರು. ರೈತರ ಆತ್ಮಹತ್ಯೆ ವರದಿಗಳು ಈ ಅವಧಿಯವು. 2006ರಲ್ಲಿ ಮುಂಬೈನ ಫ್ಯಾಷನ್ ವೀಕ್‌ಗೆ 512 ಮಾನ್ಯತೆ ಪಡೆದ ಪತ್ರಕರ್ತರು ಇದ್ರು, ಅದೇ ಹೊತ್ತಲ್ಲಿ ವಿದರ್ಭದ ಹತ್ತಿ ಬೆಳೆಗಾರರ ಸಾವು ವರದಿ ಮಾಡೋಕೆ ಹೊರಗಿಂದ ಬಂದು ಉಳಿದೋರು ಆರೇ ಜನ ಅಂತ ಅವರು ತೋರಿಸಿದ್ದು ಆಗ್ಲೇ. ವೇದಿಕೆ ಮೇಲೆ ಇದ್ದಿದ್ದೂ ಹತ್ತಿ ಬಟ್ಟೆನೇ. 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2009ರಲ್ಲಿ ಪದ್ಮಭೂಷಣ ಬೇಡ ಅಂದ್ರು, ತಾವು ವರದಿ ಮಾಡೋ ಸರ್ಕಾರದಿಂದ ಪತ್ರಕರ್ತರು ಪ್ರಶಸ್ತಿ ತಗೋಬಾರ್ದು ಅನ್ನೋದು ಅವರ ನಿಲುವು.

ಈ ಪ್ರಕರಣದಲ್ಲಿ ನಂಗೆ ಇವತ್ತಿಗೂ ಕಾಡೋ ಭಾಗ ಊರಲ್ಲೇ ಇದ್ದು ಪತ್ರಿಕೆಗಳಿಗೆ ಸುದ್ದಿ ಕಳಿಸೋ ತಾಲೂಕು ಮಟ್ಟದ ಸ್ಟ್ರಿಂಗರ್‌ಗಳದ್ದು. ಹೊರಗಿಂದ ಹೋಗೋ ಯಾರಿಗೇ ಆಗ್ಲಿ ದಾರಿ ತೋರ್ಸೋರು ಅವರೇ. ಯಾವ ಊರಿಗೆ ಹೋಗ್ಬೇಕು, ಯಾರನ್ನ ಕೇಳ್ಬೇಕು, ಯಾವ ಕಂಟ್ರಾಕ್ಟರ್ ಯಾರ ಕಡೆಯೋನು ಅನ್ನೋದು ಅವರಿಗೇ ಗೊತ್ತಿರೋದು. ಬರೆದ್ಮೇಲೆ ನಾವು ವಾಪಸ್ ಬರ್ತೀವಿ, ಅವರು ಅದೇ ಕಂಟ್ರಾಕ್ಟರ್ ಎದುರು ಮನೇಲಿ, ಅದೇ ಪೊಲೀಸ್ ಸ್ಟೇಷನ್ ಇರೋ ಬೀದಿಲಿ ಇರ್ಬೇಕು. ಅವರಲ್ಲಿ ತುಂಬಾ ಜನಕ್ಕೆ ಸಂಬಳ ಅಂತ ಇಲ್ಲ, ಸುದ್ದಿಗೆ ಇಷ್ಟು ಅಂತ ಪುಡಿಗಾಸು, ಅದೂ ಜಾಹೀರಾತು ತಂದ್ರೆ ಕಮಿಷನ್ ಅನ್ನೋ ಒಪ್ಪಂದದ ಮೇಲೆ. ಯಾರ ಮೇಲೆ ಬರೀಬೇಕೋ ಅವರ ಹತ್ರವೇ ಯುಗಾದಿ, ದೀಪಾವಳಿ ಜಾಹೀರಾತಿಗೆ ಕೈ ಚಾಚಬೇಕು. ಆ ಜಾಗದಲ್ಲಿ ನಿಂತು ನೆಟ್ಟಗೆ ಬರೆಯೋರು ಇದ್ದಾರಲ್ಲ, ಅವರೇ ಈ ದೇಶದ ನಿಜವಾದ ಗ್ರಾಮೀಣ ಬರಹಗಾರರು ಅಂತ ನಾನು ನಂಬಿದ್ದೀನಿ.

ಸಾಯಿನಾಥ್ ಅವರು ತಮ್ಮ ಆ ಪುಸ್ತಕದ ರಾಯಲ್ಟಿನ ಗ್ರಾಮೀಣ ಪತ್ರಕರ್ತರಿಗೆ ಬಹುಮಾನ ಕೊಡೋ ನಿಧಿಗೆ ಹಾಕಿದ್ರು. 2014ರ ಡಿಸೆಂಬರ್ 20ಕ್ಕೆ ಶುರು ಮಾಡಿದ ಪರಿ, ಅಂದ್ರೆ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ಅನ್ನೋ ವೆಬ್‌ಸೈಟ್, ದೇಶನ 95 ಪ್ರದೇಶಗಳಾಗಿ ಹಂಚ್ಕೊಂಡು ಒಂದೊಂದು ಪ್ರದೇಶಕ್ಕೂ ಫೆಲೋಶಿಪ್ ಕೊಡೋ ಯೋಜನೆ ಇಟ್ಕೊಂಡಿದೆ, ಕನ್ನಡದಲ್ಲೂ ಅದನ್ನ ಓದಬಹುದು. 1993ರಲ್ಲಿ ಅವರಿಗೆ ಸಿಕ್ಕ ಥರದ ಸಮಯ ಇನ್ನೊಬ್ರಿಗೂ ಸಿಗ್ಲಿ ಅನ್ನೋ ಏರ್ಪಾಡು ಇದು. ಕನ್ನಡದಲ್ಲಿ ಅಂಥದ್ದು, ಒಬ್ಬ ತಾಲೂಕು ವರದಿಗಾರಂಗೆ ಒಂದು ವರ್ಷ ಜಾಹೀರಾತಿನ ಚಿಂತೆ ಇಲ್ದೆ ತನ್ನದೇ ಹೋಬಳಿನ ಬೇಸಿಗೆ ಪೂರ್ತಿ ನೋಡೋ ಅವಕಾಶ ಕೊಡೋವಂಥದ್ದು, ನಮ್ಮ ಪತ್ರಿಕೆಗಳೋ ವಿಶ್ವವಿದ್ಯಾಲಯಗಳೋ ಯಾಕೆ ಶುರು ಮಾಡ್ಬಾರ್ದು? ಒಬ್ಬರ ಒಂದು ವರ್ಷದ ಖರ್ಚು ಅಷ್ಟೇ ತಾನೆ.